ಬಾಣಕ್ಕೆ ಎಷ್ಟು ಗರಿ? ಮೂರು, ನಾಲ್ಕು ಮತ್ತು ಪೊರಕೆಯಂಥ ಆರು

ನನ್ನದು 40 ಪೌಂಡಿನ ಸಾದಾ ಬಿಲ್ಲು (ಪೌಂಡು ಅಂದರೆ ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ). ಬಾಣ ಕೂರಿಸಲು ಅದರಲ್ಲಿ ಅಡ್ಡೆಯೇ ಇಲ್ಲ, ಮುಷ್ಟಿಯ ಮೇಲಿಟ್ಟು ಬಿಡಬೇಕು. ಇಂಥ ಬಿಲ್ಲಿಗೆ ಬಾಣದ ಬಾಲದಲ್ಲಿ ಪ್ಲಾಸ್ಟಿಕ್ ರೆಕ್ಕೆ ಆಗಿಬರುವುದಿಲ್ಲ. ತಾಗಿದರೆ ಬಾಣವನ್ನೇ ಪಕ್ಕಕ್ಕೆ ತಳ್ಳುತ್ತದೆ. ಗರಿಯಾದರೆ ಮಡಚಿಕೊಂಡು ಜಾರಿಹೋಗುತ್ತದೆ. ಆದರೆ ಎಷ್ಟು ಗರಿ? ಒಂದೇ ಕಟ್ಟಿನ ಮರದ ಕಡ್ಡಿಗಳಿಗೆ ಟರ್ಕಿ ಕೋಳಿಯ ಗರಿ ಅಂಟಿಸಿ, 20 ಮೀಟರಿನಲ್ಲಿ ಒಂದು ತಿಂಗಳು ಹೊಡೆದು ನೋಡಿದೆ.

ಮೊದಲು ಮೂರು ಗರಿ. ತಲಾ 5 ಇಂಚು, ನಡುವೆ 120 ಡಿಗ್ರಿ. ಇವುಗಳಲ್ಲಿ ಒಂದು ಕೆಂಪು. ಅದು ಬಿಲ್ಲಿನಿಂದ ಆಚೆಗೆ ಮುಖ ಮಾಡಿರಬೇಕು. ಇಂಗ್ಲಿಷಿನಲ್ಲಿ ಇದನ್ನು ಹುಂಜ ಅಂತಾರೆ, ಉಳಿದೆರಡನ್ನು ಹೇಂಟೆ. ಹುಂಜ ಒಳಗೆ ತಿರುಗಿತೋ, ಸೀದಾ ಬಿಲ್ಲಿಗೆ ಬಡಿಯುತ್ತದೆ, ಬಾಣ ಬಾಲ ಅಲ್ಲಾಡಿಸಿಕೊಂಡು ಹೋಗುತ್ತದೆ. ಹಾಗಾಗಿ ಪ್ರತಿ ಸಲವೂ ಬಗ್ಗಿ ನೋಡಿ, ತಿರುಗಿಸಿ, ಹೆದೆಗೆ ಸಿಕ್ಕಿಸಬೇಕು. ನಿಧಾನವಾಗಿ ಹೊಡೆಯುವಾಗ ಇದೇನೂ ತೊಂದರೆ ಅಲ್ಲ.

ನಾಲ್ಕು ಗರಿಯಲ್ಲಿ ಹುಂಜವೇ ಇಲ್ಲ. ತಲಾ 4 ಇಂಚು, 90 ಡಿಗ್ರಿ. ಹೇಗೆ ಸಿಕ್ಕಿಸಿದರೂ ಎರಡು ಗರಿಗಳ ನಡುವಿನ ಸಂದು ಬಿಲ್ಲಿನ ಕಡೆಗೇ ಬರುತ್ತದೆ. ಕಣ್ಣು ಗುರಿಯ ಮೇಲೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಒಟ್ಟು ಗರಿ ಅಲ್ಲಿ 15 ಇಂಚು, ಇಲ್ಲಿ 16. ಅದಕ್ಕೇ ಇರಬೇಕು, ಗುರಿಯಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. ಎರಡೂ ಬಗೆ ಊಟದ ತಟ್ಟೆಯಗಲದಲ್ಲೇ ಬಿದ್ದವು. ತಪ್ಪಿದ್ದೆಲ್ಲ ನನ್ನ ಬೆರಳಿನದು, ಗರಿಯದಲ್ಲ!

ಆದರೆ ಕೂಲಿ ಜಾಸ್ತಿ. ನನ್ನ ಅಂಟಿಸುವ ಚೌಕಟ್ಟು ಒಂದು ಸಲಕ್ಕೆ ಒಂದೇ ಗರಿ ಹಿಡಿಯುತ್ತದೆ. ಒಣಗಲು 15 ನಿಮಿಷ. ಡಜನ್ ಬಾಣಕ್ಕೆ ಮೂರರ ಲೆಕ್ಕದಲ್ಲಿ 36 ಗರಿ, 9 ಗಂಟೆ. ನಾಲ್ಕಾದರೆ 48 ಗರಿ, 12 ಗಂಟೆ. ಒಂದು ಬಾಣಕ್ಕೆ ಎಡ ರೆಕ್ಕೆಯದನ್ನೂ ಬಲ ರೆಕ್ಕೆಯದನ್ನೂ ಬೆರೆಸಿ ಅಂಟಿಸಿಬಿಟ್ಟಿದ್ದೆ. ಅವುಗಳ ಬಾಗು ಒಂದಕ್ಕೊಂದು ಉಲ್ಟಾ. ಎಲ್ಲ ಕೆರೆದು ಮತ್ತೆ ಶುರು.

ಇನ್ನೊಂದು ಮಾತು, ಇದು ಎರಡಕ್ಕೂ ಅನ್ವಯ. ಗರಿಯ ದಂಟಿನ ಮುಂತುದಿಯನ್ನು ಹಾಗೇ ಬಿಡಬೇಡಿ. ನನ್ನ ತೋರುಬೆರಳಿನ ಗೆಣ್ಣಿನ ಮೇಲೆ ಅರ್ಧ ಇಂಚಿನ ಸಿಬಿರು ಚುಚ್ಚಿಕೊಂಡು ನಿಂತಿತ್ತು. ಈಗ ತುದಿಯನ್ನು ತೆಳ್ಳಗೆ ಉಜ್ಜಿ, ಮೇಲೆ ದಾರ ಸುತ್ತಿ, ಅಂಟು ಸವರುತ್ತೇನೆ. ದಾರ ಸುತ್ತುವುದು ಹಳೇ ಪದ್ಧತಿಯೇ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನ ಬಾಣಗಳಲ್ಲೂ ದಾರದ ಗುರುತಿದೆ. ಅವಕ್ಕೂ ಗರಿ ಮೂರೇ.

ಬಾಣಕ್ಕೆ ಎರಡೇ ಗರಿ ಅಂಟಿಸಿಯೂ ನೋಡಿದೆ. 10 ಮೀಟರಿಗೆ ಪರವಾಗಿಲ್ಲ. 20ಕ್ಕೆ ಹೋದರೆ, ಬಿಡುವಾಗ ಬೆರಳು ಸ್ವಲ್ಪ ಎಡವಿದರೂ ಬಾಣ ತೂಗಾಡುತ್ತದೆ. ನನ್ನಂಥವರಿಗಲ್ಲ.

ಮುಂದಿನ ಡಜನ್‌ಗೆ ನಾಲ್ಕೇ ಅಂಟಿಸುತ್ತೇನೆ. ಮೂರು ಗಂಟೆ ಜಾಸ್ತಿ ಹೋದರೆ ಹೋಗಲಿ, ಬಗ್ಗಿ ನೋಡುವುದು ತಪ್ಪಿತಲ್ಲ. ಹುಂಜಕ್ಕೆಂದು ತಂದಿದ್ದ ಕೆಂಪು ಗರಿ ಕತ್ತರಿಸದೆ ಉಳಿದಿತ್ತು. ಅದನ್ನು ಪೂರ್ತಿ ಎತ್ತರದಲ್ಲೇ ಆರಾರು ಅಂಟಿಸಿ ಎರಡು ಬಾಣ ಮಾಡಿದೆ. ನೋಡಲು ಪೊರಕೆ. ಗಾಳಿಯನ್ನು ಎಷ್ಟು ಹಿಡಿಯುತ್ತದೆಂದರೆ, ಭರ್ರೆಂದು ಸದ್ದು ಮಾಡುತ್ತಾ ಸ್ವಲ್ಪ ದೂರ ಹೋಗಿ ಬಿದ್ದೇಬಿಡುತ್ತದೆ. ಖಾಲಿ ಬಯಲಿನಲ್ಲಿ ಮೇಲಕ್ಕೆ ತೂರಿದ ರಟ್ಟಿಗೆ ಹೊಡೆಯಲು ಇದೇ ಸರಿ. ಹುಲ್ಲಿನಲ್ಲಿ ಬಿದ್ದರೂ ಕೆಂಪಗೆ ಕಾಣುತ್ತದೆ, ಹುಡುಕುವುದೇ ಬೇಡ.