ಕರಿಕಲ್ಲಿನ ಗೋಡೆ, 65 ಇಂಚಿನ ಟಿವಿ: ಸಿಂಗಲ್ ಆರ್ಮೋ, ಡಬಲ್ ಆರ್ಮೋ?

ದೊಡ್ಡ ಟಿವಿಗೆ, ಅದರಲ್ಲೂ ವಿಜಯಪುರದ ಹಳೆಯ ಕಲ್ಲಿನ ಮನೆಯಲ್ಲಿ, ನನ್ನ ವೋಟು ಡಬಲ್ ಆರ್ಮ್ ಸ್ಟ್ಯಾಂಡಿಗೆ, ಅಂದರೆ ಮಡಚಿ ಚಾಚುವ ಎರಡು ತೋಳುಗಳ ಮೇಲೆ ಟಿವಿಯನ್ನು ಗೋಡೆಗೆ ಹಿಡಿಯುವ ಸ್ಟ್ಯಾಂಡಿಗೆ. ಸಿಂಗಲ್ ಆರ್ಮಿಗೆ ಅಂಥ ತೋಳು ಒಂದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೂ ಸಲೀಸು. ನಮ್ಮ ಪಡಸಾಲೆಯ ಒಂದೇ ಗೋಡೆಯ ಮೇಲೆ ಮೂರು ನಮೂನೆಯ ಸ್ಟ್ಯಾಂಡುಗಳು ಸರದಿಯಂತೆ ಬಂದಿವೆ: ಟಿವಿ ಜೊತೆ ಕಂಪನಿಯವರು ಕೊಟ್ಟ ಅಲುಗಾಡದ ಪಟ್ಟಿ, ಅಣ್ಣ ತಂದ ಸಿಂಗಲ್ ಆರ್ಮ್, ಕೊನೆಗೆ ನಾನು ತರಿಸಿದ ಡಬಲ್ ಆರ್ಮ್.

ಕಂಪನಿಯ ಪಟ್ಟಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪುಕ್ಕಟೆ ಬರುತ್ತದೆ, ಗೋಡೆಗೆ ಅಂಟಿಕೊಂಡು ಕೂರುತ್ತದೆ, ಬಾಡಿಗೆ ಮನೆಯವರಿಗೆ ಅಷ್ಟು ಸಾಕು. ನಮಗೆ ಸಾಲಲಿಲ್ಲ. ಪಡಸಾಲೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರು ದಾಟಿದ ಮೇಲೆ ಕ್ರಿಕೆಟ್ ನೋಡಲು ಕೂತರೆ ಪರದೆಯಲ್ಲಿ ಕಾಣುವುದು ಆಟವಲ್ಲ, ಕಿಟಕಿ. ಅದಕ್ಕಿಂತ ದೊಡ್ಡ ತಕರಾರು ಅವ್ವನದು. ಸಂಜೆ ಆಕೆ ರೊಟ್ಟಿ ಬಡಿಯುವ ಹೊತ್ತಿಗೇ ಧಾರಾವಾಹಿ ಶುರು. ಅಡುಗೆಮನೆಯಿಂದ ಟಿವಿಯ ಅಂಚಷ್ಟೇ ಕಾಣುತ್ತಿತ್ತು. “ಇಷ್ಟ ದೊಡ್ಡ ಟಿವಿ ತಂದು ನನಗ ಬರೇ ಮಾತು ಕೇಳಾಕ ಹಚ್ಚೀರಲ್ಲೋ ತಮ್ಮಾ” ಅಂತ ದಿನಾ ಕೇಳಿಸಿಕೊಳ್ಳಬೇಕಾಗಿತ್ತು.

ಹಾಗಾಗಿ ತಿರುಗುವ ಸ್ಟ್ಯಾಂಡೇ ಬೇಕಾಯಿತು. ಅಣ್ಣ ತಂದ ಸಿಂಗಲ್ ಆರ್ಮಿಗೆ 1,300 ರೂಪಾಯಿ. ಡಬ್ಬಿಯ ಮೇಲೆ “180 ಡಿಗ್ರಿ” ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದು ತೋಳಿನ ಕೀಲು ತಿರುಗುವ ಲೆಕ್ಕ, ಟಿವಿ ತಿರುಗುವ ಲೆಕ್ಕವಲ್ಲ. 65 ಇಂಚಿನ ಟಿವಿಯ ಅಗಲ ಸುಮಾರು 144 ಸೆಂಟಿಮೀಟರ್, ಅರ್ಧ ಅಂದರೆ 72. ಟಿವಿಯನ್ನು ಗೋಡೆಗೆ ಪೂರ್ತಿ ಅಡ್ಡ (90 ಡಿಗ್ರಿ) ತಿರುಗಿಸಬೇಕಾದರೆ ತೋಳು ಕನಿಷ್ಠ ಅಷ್ಟು ಹೊರಗೆ ಬರಬೇಕು. ನಮ್ಮ ಎರಡೂ ಸ್ಟ್ಯಾಂಡುಗಳ ತೋಳು ಚಾಚುವುದು 50 ಸೆಂಟಿಮೀಟರ್ ಆಸುಪಾಸು. ಅಷ್ಟಕ್ಕೆ 44 ಡಿಗ್ರಿ ಸಿಗುತ್ತದೆ, ಆಮೇಲೆ ಟಿವಿಯ ಅಂಚು ಗೋಡೆಗೆ ಬಡಿಯುತ್ತದೆ. ಅವ್ವನ ಒಲೆಗೆ 44 ಡಿಗ್ರಿ ಧಾರಾಳ. ಅದೇ ತೋಳಿಗೆ 43 ಇಂಚಿನ ಟಿವಿ ಹಾಕಿದರೆ ಪೂರ್ತಿ ಅಡ್ಡ ತಿರುಗುತ್ತದೆ, ಅದರ ಅರ್ಧ ಅಗಲ 48 ಸೆಂಟಿಮೀಟರ್ ಮಾತ್ರ. ತಿರುಗುವ ವಿಷಯದಲ್ಲಿ ಎರಡೂ ಸ್ಟ್ಯಾಂಡು ಸರಿಸಮ.

ನಿಜವಾದ ಜಗಳ ಗೋಡೆಯದು.

ನಮ್ಮದು ಒಂದೂವರೆ ಅಡಿ ದಪ್ಪದ ಕರಿಕಲ್ಲಿನ ಗೋಡೆ. ಗೋಳಗುಮ್ಮಟ ಕಟ್ಟಿದ್ದೂ ಇದೇ ಜಾತಿಯ ಕಲ್ಲಿನಿಂದ. ಇಂಥ ಗೋಡೆಗೆ ಆನೆ ಕಟ್ಟಿದರೂ ಅಲ್ಲಾಡುವುದಿಲ್ಲ ಎಂದು ನೋಡಿದವರೆಲ್ಲ ಅಂದುಕೊಳ್ಳುತ್ತಾರೆ. ಆದರೆ ಹಳೆಯ ಮನೆಗಳಲ್ಲಿ ಈಚೆ ಒಂದು ಸಾಲು ಕಲ್ಲು, ಆಚೆ ಒಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಕಲ್ಲಿನ ಚೂರು. ಮೇಲೆ ಗಿಲಾವ್ ಬಳಿದು ಬಣ್ಣ ಹೊಡೆದರೆ ಕಲ್ಲು ಎಲ್ಲಿ, ಸಂದು ಎಲ್ಲಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಓಣಿಯ ಗೌಂಡಿ ಕಾಕಾ ಬಂದು ಸುತ್ತಿಗೆಯಿಂದ ತಟ್ಟಿ ನೋಡಿ ಹೇಳಿದರು: “ನೋಡಾಕ ಅಷ್ಟ ಗಟ್ಟಿ ಐತಿ ಇದು. ಹೊಟ್ಯಾಗ ಬರೇ ಮಣ್ಣು.”

ಸಿಂಗಲ್ ಆರ್ಮಿನ ಗೋಡೆ ಪ್ಲೇಟು ಕೈಯಗಲ ಇರುತ್ತದೆ. ತೂತು ಮೂರು, ಒಂದರ ಕೆಳಗೊಂದು. ಟಿವಿ ಇಂಥ ಎತ್ತರದಲ್ಲಿ, ಇಂಥ ಜಾಗದಲ್ಲಿ ಇರಬೇಕು ಎಂದು ಗೊತ್ತು ಮಾಡಿದ ಮೇಲೆ ತೂತುಗಳ ಜಾಗವೂ ಗೊತ್ತಾಗಿಹೋಯಿತು, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲ ಎರಡಕ್ಕೆ ಕಲ್ಲು ಸಿಕ್ಕಿತು. ಸಾದಾ ಇಂಪ್ಯಾಕ್ಟ್ ಡ್ರಿಲ್ ಈ ಕಲ್ಲಿನ ಮುಂದೆ ಬರೀ ಚೀರಾಡುತ್ತದೆ, ಅದರ ಬಿಟ್ಟು (ಕೊರೆಯುವ ಮೊನೆ) ಕೆಂಪಗೆ ಕಾಯುತ್ತದೆ, ತೂತು ಮಾತ್ರ ಮುಂದೆ ಹೋಗುವುದಿಲ್ಲ. ಗಾಂಧಿ ಚೌಕಿನ ಕಡೆಯಿಂದ, ತಿರುಗುತ್ತಲೇ ಜೋರಾಗಿ ಗುದ್ದುವ ರೋಟರಿ ಹ್ಯಾಮರ್ ಬಾಡಿಗೆಗೆ ತಂದ ಮೇಲೆ ಕೆಲಸ ಸಾಗಿತು. ಮೂರನೆಯ ತೂತು, ಅಂದರೆ ಎಲ್ಲಕ್ಕಿಂತ ಮೇಲಿನದು, ಬಿಟ್ಟು ಇಟ್ಟ ಕೂಡಲೇ ಗಪ್ಪನೆ ಒಳಗೆ ಹೋಯಿತು. ಸಂದು. ಹೊರಗೆ ಬಂದದ್ದು ಕಂದು ಮಣ್ಣು.

ಎಲ್ಲಕ್ಕಿಂತ ಮೇಲಿನ ಬೋಲ್ಟೇ ಯಾಕೆ ಮುಖ್ಯ ಎಂದರೆ, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟರೆ ಒಂದು ಭಾರ, ಕೈಚಾಚಿ ಹಿಡಿದರೆ ಇನ್ನೊಂದು ಭಾರ. ನಮ್ಮ ಟಿವಿ 22 ಕಿಲೋ. ಅದನ್ನು 50 ಸೆಂಟಿಮೀಟರ್ ಹೊರಗೆ ಎಳೆದು ನಿಲ್ಲಿಸಿದಾಗ, ಮೇಲಿನ ತೂತಿಗೂ ಕೆಳಗಿನ ತೂತಿಗೂ 20 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನ ಬೋಲ್ಟನ್ನು ಗೋಡೆಯಿಂದ ಕೀಳುವ ಎಳೆತ 55 ಕಿಲೋ ಆಗುತ್ತದೆ. ತೋಳಿನ ಸ್ವಂತ ತೂಕ ಬೇರೆ. ಡಬ್ಬಿಯ ಮೇಲೆ “30 ಕಿಲೋ ತಡೆಯುತ್ತದೆ” ಎಂದು ಬರೆದಿರುವುದು ಕಬ್ಬಿಣದ ಮಾತು, ನಿಮ್ಮ ಗೋಡೆಯ ಮಾತಲ್ಲ. ಸಂದಿನ ಮಣ್ಣಿನಲ್ಲಿ ಫಾಸ್ಟ್ನರ್ (ತೂತಿನೊಳಗೆ ಅಗಲವಾಗಿ ಕಚ್ಚಿಕೊಳ್ಳುವ ಬೋಲ್ಟು) ಬಿಗಿ ಮಾಡಿದರೆ ಅದು ಅಗಲವಾಗಿ ಯಾವುದನ್ನು ಹಿಡಿಯಬೇಕು? ಪಾನಾ ತಿರುವಿದಷ್ಟೂ ಸುಮ್ಮನೆ ತಿರುಗುತ್ತಿತ್ತು. ಪ್ಲೇಟು ಸ್ವಲ್ಪ ಮೇಲೆ ಸರಿಸಿ ಅಣ್ಣ ಹೇಗೋ ಕೂರಿಸಿದ. ಬೀಳಲಿಲ್ಲ. ಆದರೆ ಕೆಲವು ವಾರಗಳಲ್ಲಿ ಮೇಲಿನ ಬೋಲ್ಟಿನ ಸುತ್ತ ಗಿಲಾವ್ ಬಿರುಕು ಬಿಟ್ಟಿತು. ವೈನಿ ಮಕ್ಕಳನ್ನು ಟಿವಿ ಕೆಳಗೆ ಕೂಡಲು ಬಿಡುವುದನ್ನೇ ನಿಲ್ಲಿಸಿದರು.

ಡಬಲ್ ಆರ್ಮ್ ಗೆದ್ದದ್ದು ಇಲ್ಲೇ. ಪ್ಲೇಟು ಒಂದೂವರೆ ಅಡಿ ಅಗಲ, ತೂತುಗಳ ಬದಲು ಉದ್ದುದ್ದ ಸೀಳುಗಳು. ಟಿವಿಯ ಜಾಗ ಬದಲಿಸದೆ ಬೋಲ್ಟಿನ ಜಾಗವನ್ನು ಆಚೀಚೆ ಸರಿಸಬಹುದು. ಗೌಂಡಿ ಕಾಕಾ ಮೊದಲು 6 ಎಂಎಂ ಬಿಟ್ಟಿನಲ್ಲಿ ಸಣ್ಣ ತೂತು ಹೊಡೆದು ಉದುರುವ ಪುಡಿಯ ಬಣ್ಣ ನೋಡಿದರು. ಕಪ್ಪು ಬೂದಿ ಬಣ್ಣ ಬಂದರೆ ಕಲ್ಲು, ಬಿಳಿ ಬಂದರೆ ಸುಣ್ಣ, ಕಂದು ಬಂದರೆ ಮಣ್ಣು. ಕಲ್ಲು ಸಿಕ್ಕಲ್ಲಿ ಮಾತ್ರ ದೊಡ್ಡ ಬಿಟ್ಟು ಹಾಕಿದರು, ಅದೂ ಕಲ್ಲಿನ ಅಂಚಿನಿಂದ ದೂರ, ಒಳಗೆ. ಮೇಲಿನ ಸಾಲಿನಲ್ಲಿ ಮೂರು ಬೋಲ್ಟು ಕೂತವು. ಅದೇ 55 ಕಿಲೋ ಎಳೆತ ಈಗ ಮೂವರ ಪಾಲು.

ಕೆಳಸಾಲಿನ ಒಂದು ಮಾತ್ರ ಎಲ್ಲಿ ಸರಿಸಿದರೂ ಸಂದಿಗೇ ಬಂತು. ಅದಕ್ಕೆ ಕೆಮಿಕಲ್ ಆಂಕರ್ ಹಾಕಿದೆವು: ಜಾಳಿಗೆಯಂಥ ಕೊಳವೆ ಒಳಗಿಟ್ಟು, ಅಂಟು ತುಂಬಿ, ಅದರೊಳಗೆ ಸರಳು. ಜಾಳಿಗೆ ಇಲ್ಲದಿದ್ದರೆ ಅಂಟೆಲ್ಲ ಗೋಡೆಯ ಹೊಟ್ಟೆಗೆ ಹರಿದುಹೋಗುತ್ತದೆ. ತೂತಿನ ಪುಡಿಯನ್ನು ಬ್ರಶ್ ಮತ್ತು ಪಂಪಿನಿಂದ ಪೂರ್ತಿ ತೆಗೆಯಬೇಕು, ಪುಡಿಗೆ ಅಂಟಿಕೊಂಡದ್ದು ಗೋಡೆಗೆ ಅಂಟಿದಂತಲ್ಲ. ನಮ್ಮ ಊರಿನ 40 ಡಿಗ್ರಿ ಬಿಸಿಲಿನಲ್ಲಿ ಈ ಅಂಟು ಬಲುಬೇಗ ಗಟ್ಟಿಯಾಗುತ್ತದೆ. ಸರಳು ಕೈಯಲ್ಲೇ ಹಿಡಿದುಕೊಂಡು ಅಂಟು ತುಂಬಿ.

ಟಿವಿ ವಾರೆಯಾಗುವುದು ಇನ್ನೊಂದು ತಕರಾರು. ಪ್ರತಿ ಕೀಲಿನಲ್ಲೂ ತುಸು ಸಡಿಲ ಇದ್ದೇ ಇರುತ್ತದೆ. ಈ ಅಗಲದ ಟಿವಿ ಒಂದೇ ಡಿಗ್ರಿ ವಾಲಿದರೂ ಎರಡು ಅಂಚುಗಳ ನಡುವೆ ಎರಡೂವರೆ ಸೆಂಟಿಮೀಟರ್ ಏರುಪೇರು. ಸಿಂಗಲ್ ಆರ್ಮ್ ಎಳೆದಾಗಲೆಲ್ಲ ವಾಲುತ್ತಿತ್ತು, ಸರಿಪಡಿಸುವ ಸ್ಕ್ರೂ ಅದಕ್ಕೆ ಇರಲೇ ಇಲ್ಲ. ಡಬಲ್ ಆರ್ಮಿಗೆ ಹಿಂದೆ ಲೆವಲ್ ಮಾಡುವ ಸ್ಕ್ರೂ ಇದೆ. ಟಿವಿ ಕೂರಿಸಿದ ಮೇಲೂ ತಿರುವಬಹುದು.

ಕೇಬಲ್ ಎರಡಕ್ಕೂ ಒಂದೇ: ಒಂದೂವರೆ ಮೀಟರಿನದು ತೋಳು ಎಳೆದಾಗ ಬಿಗಿದುಕೊಳ್ಳುತ್ತದೆ, ಮೂರು ಮೀಟರಿನದು ತಗೊಳ್ಳಿ. ಟಿವಿ ಹಿಂದಿನ ಸ್ಕ್ರೂ ಬಿಗಿಯಾಗುವ ಮೊದಲೇ ತಳ ಮುಟ್ಟಿದರೆ ಒತ್ತಾಯ ಮಾಡಬೇಡಿ, ವಾಶರ್ ಹಾಕಿ. ದಸರಾ ಮುಂದೆ ಬಣ್ಣ ಹಚ್ಚುವಾಗ ತೋಳು ಹೊರಗೆ ಎಳೆದರಾಯಿತು, ಟಿವಿ ಇಳಿಸುವ ಗೋಜಿಲ್ಲ.

ಡಬಲ್ ಆರ್ಮಿನ ಕೊರತೆಗಳೂ ಇವೆ. 3,900 ರೂಪಾಯಿ ಆಯಿತು, ಹ್ಯಾಮರ್ ಬಾಡಿಗೆ, ಅಂಟು, ಕಾಕಾನ ಕೂಲಿ ಬೇರೆ. ಮಡಚಿದರೂ ಟಿವಿ ಗೋಡೆಯಿಂದ ನಾಲ್ಕು ಬೆರಳು ಹೊರಗೇ ಇರುತ್ತದೆ. ಕೋಣೆಯ ಮೂಲೆಗೆ ಟಿವಿ ಹಾಕುವವರಿಗೆ ಇದು ಒಗ್ಗುವುದಿಲ್ಲ, ಎರಡೂ ತೋಳು ಸೇರಿ ಟಿವಿಯನ್ನು ಪ್ಲೇಟಿನ ನಡುವಿಗೇ ಕಟ್ಟಿಹಾಕುತ್ತವೆ. ಅಲ್ಲಿ ಸಿಂಗಲ್ ಆರ್ಮೇ ಸರಿ.

ನಮ್ಮ ಮನೆಯಲ್ಲಿ ಟಿವಿ ದಿನಾ ಸಂಜೆ ಅಡುಗೆಮನೆ ಕಡೆ ಹೊರಳುತ್ತದೆ, ಊಟವಾದ ಮೇಲೆ ತಿರುಗಿ ಬರುತ್ತದೆ. ಇಷ್ಟು ಓಡಾಟ ಇದ್ದಲ್ಲಿ 2,600 ರೂಪಾಯಿ ಹೆಚ್ಚು ಕೊಟ್ಟದ್ದು ನನಗೆ ಭಾರ ಅನ್ನಿಸಿಲ್ಲ. ವರ್ಷಕ್ಕೊಮ್ಮೆ ತಿರುಗಿಸುವವರು ಇಷ್ಟು ಖರ್ಚು ಮಾಡಬೇಕಾಗಿಲ್ಲ. ಕಾಂಕ್ರೀಟ್ ಗೋಡೆಯ ಹೊಸ ಮನೆ, 43 ಇಂಚಿನ ಟಿವಿ ಎಂದರೆ ಸಿಂಗಲ್ ಆರ್ಮ್ ಕಣ್ಣುಮುಚ್ಚಿ ತಗೊಳ್ಳಿ. ಅಣ್ಣನ ಸ್ಟ್ಯಾಂಡೂ ವ್ಯರ್ಥವಾಗಿಲ್ಲ. ಹಿಂದೆ ಹೊಸದಾಗಿ ಕಟ್ಟಿದ ಖೋಲಿಯ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ 32 ಇಂಚಿನ ಹಳೆ ಟಿವಿ ಹೊತ್ತುಕೊಂಡಿದೆ, ಇದುವರೆಗೆ ಒಂದು ಗೆರೆ ಬಿರುಕಿಲ್ಲ.