ಪಿಎಸ್2ಗೆ ಗೇಮ್ ಬಡಿಸೋಕೆ ಪೆನ್‌ಡ್ರೈವೋ, ರಾಸ್ಪ್‌ಬೆರಿ ಪೈನೋ?

ಡಿಸ್ಕ್ ಓದುವ ಲೇಸರ್ ಸೋತ ಪಿಎಸ್2 (ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 2) ಮನೆಯಲ್ಲಿದೆಯಾ? ನಿಮ್ಮ ಡಿಸ್ಕ್‌ಗಳನ್ನು ಪೆನ್‌ಡ್ರೈವ್‌ಗೋ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ಗೋ ಕಾಪಿ ಮಾಡಿಟ್ಟುಕೊಂಡು ಓಪನ್ ಪಿಎಸ್2 ಲೋಡರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಆಡಬಹುದು.

ಪೆನ್‌ಡ್ರೈವ್ ಅಗ್ಗ, ಚುಚ್ಚಿದರೆ ಮುಗೀತು. ಆದರೆ 2000ದಲ್ಲಿ ಬಂದ ಈ ಯಂತ್ರದಲ್ಲಿರುವುದು ಯುಎಸ್‌ಬಿ 1.1, ಸೆಕೆಂಡಿಗೆ ಜಾಸ್ತಿ ಅಂದರೆ ಒಂದೂವರೆ ಮೆಗಾಬೈಟ್, ಇದರ ಡಿವಿಡಿ ಡ್ರೈವೇ 5 ಮೆಗಾಬೈಟ್ ಓದುತ್ತಿತ್ತು ಅನ್ನುವಾಗ ಕಟ್‌ಸೀನ್‌ಗಳು (ಆಟದ ನಡುವೆ ಬರುವ ಕಥೆಯ ವಿಡಿಯೋಗಳು) ತಡವರಿಸದೆ ಇರುತ್ತವಾ? ಮಾತು ಮುಂದೆ, ತುಟಿ ಹಿಂದೆ.

ಪೈ ಆದರೆ ಲ್ಯಾನ್ ಕೇಬಲ್‌ನಲ್ಲಿ ಡೇಟಾ ಕಳಿಸುತ್ತದೆ. ಪಿಎಸ್2 ಕಡೆ 100 ಮೆಗಾಬಿಟ್ ಪೋರ್ಟ್ ಇರುವುದರಿಂದ ವಿಡಿಯೋ ಬಹುತೇಕ ಸರಾಗ. ತಲೆನೋವು ಬೇರೆ ಕಡೆ ಇದೆ. ಲೋಡರ್ ಕೇಳುವುದು ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಹಳೇ ವಿಧಾನ ಎಸ್‌ಎಂಬಿ 1, ಪೈನಲ್ಲಿ ಈ ಹಂಚಿಕೆ ಮಾಡುವ ಸಾಂಬಾ ಸಾಫ್ಟ್‌ವೇರ್ 2019ರಿಂದಲೇ ಅದನ್ನು ಆಫ್ ಮಾಡಿಟ್ಟಿದೆ, ನೀವೇ ಆನ್ ಮಾಡಬೇಕು. ಅದು ಅಷ್ಟು ಸುರಕ್ಷಿತವೂ ಅಲ್ಲ, ಮನೆಯ ವೈಫೈಗೆ ಸೇರಿಸದೆ ನೇರ ಕೇಬಲ್ ಹಾಕಿಬಿಡಿ. ಪೈ ಝೀರೋ ಸುಮ್ನೆ ತರಬೇಡಿ, ಅದರಲ್ಲಿ ಲ್ಯಾನ್ ಪೋರ್ಟೇ ಇಲ್ಲ. ಹಳೇ 3ಬಿ ಧಾರಾಳ ಸಾಕು.

ಲ್ಯಾನ್ ಪೋರ್ಟ್ ಜೊತೆಗೇ ಬರುವ ತೆಳು ಪಿಎಸ್2 (ಸ್ಲಿಮ್) ಇದ್ದರೆ ನಾನಂತೂ ಪೈ ಅಂತೀನಿ. ದಪ್ಪ ಮಾಡೆಲ್‌ಗೆ ನೆಟ್‌ವರ್ಕ್ ಅಡಾಪ್ಟರ್ ಬೇರೆ ಹುಡುಕಬೇಕಲ್ವಾ, ಅದು ಸಿಗುವವರೆಗೆ ಪೆನ್‌ಡ್ರೈವೇ ಗತಿ.