ಅಮ್ಮನ ಕಿವಿಗೆ ಯಾವ ಮಿಷನ್: ಹಿಂದೆ ಕೂರುವುದಾ, ಒಳಗೆ ಹೋಗುವುದಾ?

ಮೊದಲೇ ಹೇಳಿಬಿಡುತ್ತೇನೆ. ಅಮ್ಮನಿಗೆ ಕಿವಿ ಮಂದ, ಅದಕ್ಕೆ ಮೂರು ಬಗೆಯ ಶ್ರವಣ ಸಾಧನ ಹಾಕಿ ನೋಡಿದೆವು. ನಮ್ಮ ಮನೆಯಲ್ಲಿ ಗೆದ್ದದ್ದು ಕಿವಿಯ ಹಿಂದೆ ಕೂರುವ, ಕಿವಿಯೊಳಗೆ ಕೂರುವ ಮೋಲ್ಡ್ (ಕಿವಿಯ ಅಚ್ಚು) ಇರುವ ಹಳೇ ಮಾದರಿಯ ಬಿಟಿಇ. ನೋಡೋಕೆ ದಪ್ಪ, ಎದ್ದು ಕಾಣುತ್ತದೆ. ಅದರ ಜೊತೆ ಹಾಕಿ ನೋಡಿದ್ದು ಇನ್ನೆರಡು: ಆನ್‌ಲೈನ್‌ನಲ್ಲಿ 2 ಸಾವಿರ ರೂಪಾಯಿಯೊಳಗೆ ಸಿಕ್ಕ, ಸದ್ದು ಜೋರು ಮಾಡುವ ಆಂಪ್ಲಿಫೈಯರ್, ಮತ್ತು ಸ್ಪೀಕರ್ ಕಿವಿಯೊಳಗೇ ಹೋಗುವ, ಚಾರ್ಜ್ ಮಾಡುವ ಆರ್‌ಐಸಿ.

ಅಮ್ಮನ ದೂರು ಯಾವಾಗಲೂ ಒಂದೇ: “ಕೇಳ್ಸುತ್ತೆ ಕಣೋ, ಏನು ಹೇಳ್ತಿದ್ದೀಯ ಅಂತ ಗೊತ್ತಾಗಲ್ಲ.” ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದಾಗ ಕಾರಣ ತಿಳಿಯಿತು. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ಕೇಳಿಸಿದರೆ ಗುಂಡಿ ಒತ್ತಬೇಕು. ಎಷ್ಟು ಜೋರಾದರೆ ಕೇಳಿಸುತ್ತದೆ ಅನ್ನುವುದನ್ನು ಡೆಸಿಬಲ್‌ನಲ್ಲಿ ಬರೆಯುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ಕಿವಿ ಮಂದ. ಅಮ್ಮನದು ತಗ್ಗಿನ ಸ್ವರಗಳಲ್ಲಿ 45 ಡೆಸಿಬಲ್ ಹತ್ತಿರ ಇತ್ತು, 4000 ಹರ್ಟ್ಸ್‌ನ ಎತ್ತರದ ಸ್ವರಕ್ಕೆ ಬರುವಷ್ಟರಲ್ಲಿ 70 ದಾಟಿತ್ತು. ಸ, ಶ, ತ ಇಂಥ ಅಕ್ಷರಗಳು ಸ್ಪಷ್ಟವಾಗಬೇಕಾದರೆ ಆ ಎತ್ತರದ ಸ್ವರಗಳೇ ಕೇಳಬೇಕು. ಆಂಪ್ಲಿಫೈಯರ್ ಎಲ್ಲವನ್ನೂ ಒಟ್ಟಿಗೆ ಏರಿಸಿತು. ಮಿಕ್ಸಿ, ಫ್ಯಾನು, ತಟ್ಟೆ ಇಟ್ಟ ಸದ್ದು ತಲೆಗೆ ಹೊಡೆಯಿತು, ಮಾತು ಮಾತ್ರ ಹಾಗೇ ಉಳಿಯಿತು. ಅದರ ಕಥೆ ಅಷ್ಟೇ.

ಆರ್‌ಐಸಿ ಹಾಗಲ್ಲ. ಆಡಿಯೋಗ್ರಾಂ (ಆ ಕಿವಿ ಪರೀಕ್ಷೆಯ ನಕ್ಷೆ) ನೋಡಿ ಅದಕ್ಕೆ ತಕ್ಕಂತೆ ಪ್ರೋಗ್ರಾಂ ಮಾಡಿದ್ದರು. ಮಾತು ತಿಳಿಯಾಗಿ ಕೇಳುತ್ತಿತ್ತು, ಭಾರವೇ ಇರಲಿಲ್ಲ. ಮದುವೆ ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಬ್ಯಾಟರಿ ಬದಲಿಸುವ ತಾಪತ್ರಯವೂ ಇಲ್ಲ.

ತೊಂದರೆ ಕೊಟ್ಟದ್ದು ಗುಗ್ಗೆ. ಕಿವಿಯೊಳಗಿನ ಸ್ಪೀಕರ್‌ನ ಬಾಯಿಗೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಬಿಳಿ ಫಿಲ್ಟರ್ ಇರುತ್ತದೆ. ಗುಗ್ಗೆ ಬಂದು ಅದಕ್ಕೇ ಕೂರುತ್ತದೆ. ಸದ್ದು ಒಮ್ಮೆಲೇ ನಿಲ್ಲುವುದಿಲ್ಲ, ದಿನ ದಿನಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ. ಅಮ್ಮ ತನ್ನ ಕಿವಿಯೇ ಇನ್ನೂ ಮಂದವಾಯಿತು ಅಂದುಕೊಂಡು ಬೇಜಾರಿನಲ್ಲಿ ಸುಮ್ಮನೆ ಕೂತಿದ್ದಳು. ಟ್ರಯಲ್‌ಗೆ ಕೊಟ್ಟ ಅಂಗಡಿಯವರು ತೆರೆದೂ ನೋಡದೆ “ಕಂಪನಿಗೆ ಕಳಿಸಬೇಕು” ಅಂದರು. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಫಿಲ್ಟರ್ ಬದಲಿಸಿದ ಕೂಡಲೇ ಮಿಷನ್ ಸರಿಹೋಯಿತು.

ಬದಲಿಸುವುದು ಹೀಗೆ: ಒಂದು ಪುಟ್ಟ ಕಡ್ಡಿ ಕೊಟ್ಟಿರುತ್ತಾರೆ. ಒಂದು ತುದಿಯಿಂದ ಹಳೇ ಫಿಲ್ಟರ್ ಚುಚ್ಚಿ ಎಳೆಯಬೇಕು, ಇನ್ನೊಂದು ತುದಿಯಲ್ಲಿರುವ ಹೊಸದನ್ನು ನೇರವಾಗಿ ಒತ್ತಬೇಕು. ನನಗೆ ಅರೆ ನಿಮಿಷದ ಕೆಲಸ. ಅಮ್ಮನ ಕೈ ನಡುಗುತ್ತದೆ, ಕಣ್ಣೂ ಮಂಜು. ಎರಡು ಫಿಲ್ಟರ್ ನೆಲಕ್ಕೆ ಬಿದ್ದು ಸಿಗಲೇ ಇಲ್ಲ. ನಾನು ಇರುವುದು ಬೆಂಗಳೂರಿನಲ್ಲಿ. ಅಮ್ಮನ ಕಿವಿ ನಾನು ಊರಿಗೆ ಹೋಗುವ ದಿನಕ್ಕೆ ಕಾಯಬೇಕು ಅಂದರೆ ಅದು ಆಗದ ಮಾತು.

ಬಿಟಿಇಯಲ್ಲಿ ಸ್ಪೀಕರ್ ಕಿವಿಯ ಹಿಂದಿನ ಪೆಟ್ಟಿಗೆಯಲ್ಲೇ ಇರುತ್ತದೆ. ಒಳಗೆ ಹೋಗುವುದು ಅವಳ ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್ ಮಾತ್ರ. ರಾತ್ರಿ ಮಿಷನ್‌ನಿಂದ ಟ್ಯೂಬ್ ಎಳೆದು, ಮೋಲ್ಡನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ಒಣಗಲು ಇಡುತ್ತಾಳೆ. ಬೆಳಿಗ್ಗೆ ಟ್ಯೂಬಿನಲ್ಲಿ ಹನಿ ಉಳಿದಿದ್ದರೆ ಬ್ಲೋವರ್ (ಕೈಯಲ್ಲಿ ಒತ್ತುವ ಪುಟ್ಟ ಗಾಳಿ ಬುರುಡೆ) ಒತ್ತಿ ಗಾಳಿ ಊದುತ್ತಾಳೆ. ಯಾರ ಸಹಾಯವೂ ಬೇಡ.

ಇದರಲ್ಲೂ ಕಿರಿಕಿರಿ ಇದೆ. ಮೊದಮೊದಲು ತನ್ನ ದನಿಯೇ ಗುಂಯ್‌ಗುಡುತ್ತದೆ ಅಂದಳು. ಮೋಲ್ಡಿನ ಗಾಳಿ ರಂಧ್ರ ಸ್ವಲ್ಪ ದೊಡ್ಡದು ಮಾಡಿಸಿದ ಮೇಲೆ ಕಡಿಮೆಯಾಯಿತು. ಸೆರಗು ಕಿವಿ ಮೇಲೆ ಬಿದ್ದರೆ ಕುಂಯ್ ಅನ್ನುತ್ತದೆ. ಕನ್ನಡಕದ ಕಡ್ಡಿಗೂ ಜಾಗ ಇಕ್ಕಟ್ಟು. ಬ್ಯಾಟರಿ 13 ನಂಬರಿನದು, ಕಿತ್ತಳೆ ಸ್ಟಿಕರ್. ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು.

ಬೆಲೆ? ನಮಗೆ ಹೇಳಿದ ಆರ್‌ಐಸಿ ರೇಟಿನ ಮೂರನೇ ಒಂದು ಭಾಗಕ್ಕೆ ಬಿಟಿಇ ಬಂತು. ಆದಾಯ ಕಡಿಮೆ ಇರುವವರು ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯನ್ನು ಮರೆಯದೆ ವಿಚಾರಿಸಿ, ಅರ್ಹತೆ ಇದ್ದರೆ ಮಿಷನ್ ಉಚಿತವಾಗಿ ಸಿಗುತ್ತದೆ.

ನಿಮ್ಮ ಮನೆಯವರ ಬೆರಳು ಗಟ್ಟಿಯಿದ್ದರೆ, ಅಥವಾ ಜೊತೆಗೆ ಯಾರಾದರೂ ಇದ್ದರೆ ಆರ್‌ಐಸಿ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಕೂತು, ಹಾಕಿಕೊಳ್ಳುವವರ ಕೈಯಿಂದಲೇ ಒಮ್ಮೆ ಫಿಲ್ಟರ್ ಬದಲಿಸಿ ನೋಡಿಸಿ.